ಹಂದಿಗಳ ಕರುಳಿನ ವೈರಸ್‌ಗಳು: ಪತ್ತೆ ಮತ್ತು ಜೀನ್ ಗುರುತು

1. ರೋಟಾವೈರಸ್: ಎರಡೆಳೆಯ ಆರ್‌ಎನ್‌ಎ, 11 ತುಂಡುಗಳು. ಮರಿಗಳಲ್ಲಿ ಭೇದಿ ತರುತ್ತದೆ. ಮನುಷ್ಯರಲ್ಲಿ ಪತ್ತೆ: 1973, ರೂತ್ ಬಿಷಪ್ ತಂಡ, ಮೆಲ್ಬರ್ನ್.

2. ಪತ್ತೆಯ ಕ್ರಮ: ಮಲದ ಮಾದರಿ → ಆರ್‌ಎನ್‌ಎ ಬೇರ್ಪಡಿಕೆ → ಆರ್‌ಟಿ-ಪಿಸಿಆರ್ → ಸೀಕ್ವೆನ್ಸಿಂಗ್ → ವಂಶವೃಕ್ಷ. ಆರ್‌ಎನ್‌ಎಯನ್ನು ಜೆಲ್‌ನಲ್ಲಿ ಓಡಿಸಿದರೆ, ಸಸ್ತನಿಗಳ ಎ ಗುಂಪಿನ ರೋಟಾವೈರಸ್‌ನ 11 ತುಂಡುಗಳ ಪಟ್ಟಿ ವಿನ್ಯಾಸ 4-2-3-2. ಇದನ್ನು ಬಾಯಿಪಾಠ ಮಾಡಿ.

3. ಜೀನೋಟೈಪ್: ವಿಪಿ7 ಪ್ರೋಟೀನ್‌ನ ಜೀನ್ = ಜಿ, ವಿಪಿ4 ಪ್ರೋಟೀನ್‌ನ ಜೀನ್ = ಪಿ. ಹೆಚ್ಚಿನವರು ತಪ್ಪುವುದು ಇಲ್ಲೇ, ಎರಡನ್ನೂ ಅದಲುಬದಲು ಮಾಡುತ್ತಾರೆ.

4. ಬೆಂಗಳೂರಿನ ನಂಟು: ಇಲ್ಲಿನ ನವಜಾತ ಶಿಶುಗಳಲ್ಲಿ ಸಿಕ್ಕ ಐ321 ರೋಟಾವೈರಸ್ ತಳಿ, ಜಿ10ಪಿ[11]. ಹೆಚ್ಚಿನ ಜೀನ್‌ಗಳು ದನದ ಮೂಲದವು. ತುಂಡುಗಳ ಅದಲುಬದಲಿಗೆ (ಮರುಜೋಡಣೆ) ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮೂರಲ್ಲಿಲ್ಲ. ದನದಂತೆ ಹಂದಿಯ ತಳಿಗಳ ಜೀನ್‌ಗಳೂ ಮನುಷ್ಯರ ತಳಿಗೆ ಸೇರಬಹುದು; ಹಂದಿ ತಳಿಗಳನ್ನೂ ಗಮನಿಸಬೇಕಾದ ಕಾರಣ ಇದೇ.

5. ಗೊಂದಲ ಬೇಡ:
• ಪಿಇಡಿ, ಟಿಜಿಇ (ಹಂದಿಗಳ ಭೇದಿ ರೋಗಗಳು) ತರುವವು: ಕೊರೊನಾವೈರಸ್‌ಗಳು, ಒಂಟಿ ಎಳೆಯ ಆರ್‌ಎನ್‌ಎ.
• ಪಿಕೋಬಿರ್ನಾವೈರಸ್: 2 ತುಂಡು.
• ಆಫ್ರಿಕನ್ ಹಂದಿ ಜ್ವರ: ಡಿಎನ್‌ಎ ವೈರಸ್, ಮುಖ್ಯವಾಗಿ ಕರುಳಿನದಲ್ಲ. ಭಾರತದಲ್ಲಿ ಮೊದಲು ಕಂಡದ್ದು 2020ರಲ್ಲಿ.

6. ಸಂಸ್ಥೆಗಳು: ನಿವೇದಿ (ಪಶುರೋಗ ಸಂಶೋಧನಾ ಸಂಸ್ಥೆ), ಯಲಹಂಕ; ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಹೆಬ್ಬಾಳ.