ಕೃಷ್ಣ ಎಂಬ ಹೆಸರು

ಕಾವೇರಿ ತೀರದ ಎಡತೊರೆಯು ಪ್ರವಾಹಕ್ಕೆ ತುತ್ತಾದ ಮೇಲೆ, 1925ರಿಂದ 1930ರ ಸುಮಾರಿನಲ್ಲಿ, ಅದರ ಸಮೀಪದಲ್ಲಿ ಹೊಸ ಊರೊಂದು ರೂಪುಗೊಂಡಿತು. ಆಗ ಮೈಸೂರನ್ನು ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಿಂದ ಅದು ಕೃಷ್ಣರಾಜನಗರವಾಯಿತು. 'ನಾಲ್ವಡಿ' ಎಂದರೆ ನಾಲ್ಕನೆಯ ಎಂದರ್ಥ. ಅದೇ ಹೆಸರಿನ ಮೂವರು ಅರಸರು ಆ ಮನೆತನದಲ್ಲಿ ಅವರಿಗಿಂತ ಮೊದಲೇ ಆಗಿಹೋಗಿದ್ದರು. ಹೀಗೆ ಮತ್ತೆ ಮತ್ತೆ ಆದರದಿಂದ ಇಟ್ಟುಕೊಂಡ ಈ ಹೆಸರಿನ ಅರ್ಥವೇನು?

'ಕೃಷ್ಣ' ಎಂದರೆ ಕಪ್ಪು. ಚಂದ್ರನು ಕ್ಷೀಣಿಸುವ ಹದಿನೈದು ದಿನಗಳು ಕೃಷ್ಣಪಕ್ಷ. ಕಪ್ಪು ಮೈಯ ಜಿಂಕೆ ಕೃಷ್ಣಮೃಗ. ಮಹಾಭಾರತದಲ್ಲಿ ಈ ಹೆಸರು ವಾಸುದೇವನೊಬ್ಬನದೇ ಅಲ್ಲ. ದ್ರೌಪದಿಯು ಕೃಷ್ಣೆ, ದ್ವೀಪದಲ್ಲಿ ಜನಿಸಿದ ಕಪ್ಪು ಬಣ್ಣದ ವ್ಯಾಸರು ಕೃಷ್ಣದ್ವೈಪಾಯನರು. ದೂರದ ರಷ್ಯನ್ ಭಾಷೆಯಲ್ಲಿ ಕಪ್ಪು ಎಂಬರ್ಥದ 'ಚೋರ್ನಿ' ಎಂಬ ಪದವೂ ಇದೇ ಮೂಲದಿಂದ ಬಂದುದೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ.

ಜನರ ನಾಲಗೆಯ ಮೇಲೆ ಹೆಸರು ರೂಪ ಬದಲಿಸುತ್ತದೆ. ಪ್ರಾಕೃತದಲ್ಲಿ ಕೃಷ್ಣನು 'ಕಣ್ಹ'ನಾದನು. ತಮಿಳರಿಗೆ 'ಕಣ್ಣನ್' ಆದನು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಕನ್ನಡ ಶಾಸನಗಳಲ್ಲಿ 'ಕನ್ನರದೇವ'. ಮಂಡ್ಯ ಜಿಲ್ಲೆಯಲ್ಲಿ ದೊರೆತ ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿಯೂ ಈ ರೂಪವನ್ನು ಕಾಣಬಹುದು. ನಮ್ಮ ಮನೆಗಳಲ್ಲಾದರೋ ಅರಸನ ಹೆಸರು ಕಿಟ್ಟಪ್ಪ, ಕಿಟ್ಟಣ್ಣ, ಕಿಟ್ಟಿ ಎಂದು ಮೃದುವಾಗಿದೆ.

ಸಂಸ್ಕೃತದ ನೆರವಿಲ್ಲದೆಯೂ ಕನ್ನಡಿಗರು ಇದೇ ಅರ್ಥದ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ಮೈಸೂರು ಸೀಮೆಯ ಕರಿಯಪ್ಪ, ಕರೀಗೌಡ ಮೊದಲಾದ ಹೆಸರುಗಳಲ್ಲಿರುವ 'ಕರಿ' ಎಂಬ ಪದವೂ ಕಪ್ಪನ್ನೇ ಹೇಳುತ್ತದೆ. ಅರ್ಥದಲ್ಲಿ ಕೃಷ್ಣಪ್ಪನಿಗೂ ಕರಿಯಪ್ಪನಿಗೂ ಭೇದವಿಲ್ಲ. ಆದರೂ ಒಂದು ಹೆಸರು ಗೌರವದ್ದೆಂದೂ ಇನ್ನೊಂದು ಒರಟೆಂದೂ ಭಾವಿಸುವವರುಂಟು. 'ಕರಿಯ' ಎಂಬ ಹೆಸರಿನ ಬಾಲಕನು ಸಹಪಾಠಿಗಳ ನಗೆಗೆ ಅಂಜಿ ತಲೆ ತಗ್ಗಿಸುವುದುಂಟು. ನಗುವವರ ನಡುವೆ 'ಕೃಷ್ಣ' ಎಂಬ ಹೆಸರಿನವನೂ ಇರಬಹುದು! ತನ್ನ ಹೆಸರಿನ ಅರ್ಥವನ್ನು ಅರಿತಿದ್ದರೆ ಅವನು ನಗುತ್ತಿರಲಿಲ್ಲ.

ಕಪ್ಪು ಕೀಳಾದ ಬಣ್ಣವಾಗಿದ್ದರೆ ಹಿರಿಯರು ಅದನ್ನು ದೇವರಿಗೂ ದೊರೆಗೂ ಮಕ್ಕಳಿಗೂ ಹೆಸರಾಗಿ ಇಡುತ್ತಿರಲಿಲ್ಲ. ಮೋಡ ಕಪ್ಪಾದಾಗಲೇ ಮಳೆಯ ಭರವಸೆ. ಎರೆಭೂಮಿಯ ಕಪ್ಪೇ ಬೆಳೆಯ ಬಲ. ಕೃಷ್ಣನನ್ನು ಪೂಜಿಸಿ ಕರಿಯನನ್ನು ಹಳಿಯುವುದು ಒಂದೇ ಅರ್ಥಕ್ಕೆ ಎರಡು ಅಳತೆಗೋಲು ಹಿಡಿದಂತೆ. ಮನುಷ್ಯನ ಹಿರಿಮೆಯನ್ನು ನಿರ್ಧರಿಸುವುದು ಅವನ ಹೆಸರಲ್ಲ, ಮೈಬಣ್ಣವಲ್ಲ, ನಡತೆ.