ಸಮೀಕರಣವೂ ಓಟೂ

ಸಂಶೋಧನೆಗೆ ಹೊರಟ ಮಕ್ಕಳೇ, ಲ್ಯಾಬಿಗೆ ಕಾಲಿಟ್ಟ ಕೆಲವೇ ದಿನಗಳಲ್ಲಿ ನಿಮಗೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಒಂದೇ ಗ್ರಾಫ್ ನೋಡಿ ಒಟ್ಟಿಗೆ ತಲೆಯಾಡಿಸಿದವರು, ಕ್ಯಾಂಟೀನಿನಲ್ಲಿ ಚುನಾವಣೆಯ ಮಾತು ಬಂದ ಕೂಡಲೇ ಎಡ ಬಲ ಅಂತ ಚದುರಿಹೋಗುತ್ತಾರೆ. ‘ವಿಜ್ಞಾನ ಓದಿದವರೂ ಹೀಗಾ?’ ಎಂದು ಕಂಗಾಲಾಗಬೇಡಿ. ಇದು ಹೊಸತಲ್ಲ.

1925ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಮ್ಯಾಕ್ಸ್ ಬಾರ್ನ್, ಅವರ ಶಿಷ್ಯ ಪಾಸ್ಕುವಲ್ ಯೋರ್ಡಾನ್ ಮತ್ತು ವರ್ನರ್ ಹೈಸೆನ್‌ಬರ್ಗ್ ಸೇರಿ ಕ್ವಾಂಟಂ ಮೆಕ್ಯಾನಿಕ್ಸ್‌ಗೆ ಗಣಿತದ ಬುನಾದಿ ಹಾಕಿದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಮೂಲದ ಬಾರ್ನ್ ಹುದ್ದೆ ಹೋಯಿತು. ಅದೇ ವರ್ಷ ಯೋರ್ಡಾನ್ ನಾಜಿ ಪಕ್ಷ ಸೇರಿದರು. ನೆಲೆ ಕಳೆದುಕೊಂಡ ಬಾರ್ನ್, 1935-36ರಲ್ಲಿ ಸಿ.ವಿ. ರಾಮನ್ ಕರೆದರೆಂದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಕೆಲವು ತಿಂಗಳು ಇದ್ದರು.

ಹಾಗೆಂದು ಯೋರ್ಡಾನ್ ಐನ್‌ಸ್ಟೈನರ ಸಿದ್ಧಾಂತವನ್ನು ‘ಯಹೂದಿ ಭೌತಶಾಸ್ತ್ರ’ವೆಂದು ಹೀಗಳೆದವರ ಗುಂಪಿಗೆ ಸೇರಲಿಲ್ಲ. ಆ ಗುಂಪಿನ ಮುಂದಾಳುಗಳಾದ ಲೆನಾರ್ಡ್, ಸ್ಟಾರ್ಕ್ ಇಬ್ಬರೂ ನೊಬೆಲ್ ಪಡೆದವರು! 1957ರಲ್ಲಿ ಪಶ್ಚಿಮ ಜರ್ಮನಿಗೆ ಅಣ್ವಸ್ತ್ರ ಬೇಡವೆಂದು 18 ವಿಜ್ಞಾನಿಗಳು ಹೇಳಿಕೆ ಕೊಟ್ಟಾಗ ಬಾರ್ನ್, ಹೈಸೆನ್‌ಬರ್ಗ್ ಸಹಿ ಹಾಕಿದರು. ಯೋರ್ಡಾನ್ ಆ ಹೇಳಿಕೆಯನ್ನು ಬಹಿರಂಗವಾಗಿಯೇ ವಿರೋಧಿಸಿದರು. ಬಾಂಬು ಎಷ್ಟು ದೂರ ಸುಡುತ್ತದೆಂದು ಮೂವರೂ ಕೂತು ಲೆಕ್ಕ ಹಾಕಿದ್ದರೆ ಒಂದೇ ಉತ್ತರ ಬರುತ್ತಿತ್ತು. ಅದು ದೇಶಕ್ಕೆ ಬೇಕೋ ಬೇಡವೋ ಎಂಬುದಕ್ಕೆ ಲೆಕ್ಕದಲ್ಲಿ ಉತ್ತರವಿಲ್ಲ. ಆ ಉತ್ತರ ಬರುವುದು ಮನುಷ್ಯನ ಭಯದಿಂದ, ನಂಬಿಕೆಯಿಂದ, ಪಟ್ಟ ಪಾಡಿನಿಂದ.

ಗಟ್ಟಿಂಗೆನ್‌ನಲ್ಲಿರುವ ಬಾರ್ನ್ ಸಮಾಧಿಯ ಕಲ್ಲಿನ ಮೇಲೆ ಒಂದು ಸಮೀಕರಣ ಕೆತ್ತಿದ್ದಾರೆ. ಅದು ಅವರು ಯೋರ್ಡಾನ್ ಜೊತೆ ಬರೆದ ಪ್ರಬಂಧದ್ದು. ಯೋರ್ಡಾನ್ ಪಕ್ಷ ಸೇರಿದ್ದರಿಂದ ಅದು ಸುಳ್ಳಾಗಲಿಲ್ಲ. ಅದು ನಿಜವಾದ್ದರಿಂದ ಪಕ್ಷ ಸೇರಿದ ತಪ್ಪು ತೊಳೆದುಹೋಗಲೂ ಇಲ್ಲ.

ಆದ್ದರಿಂದ, ಪ್ರಬಂಧ ಓದುವಾಗ ಪುರಾವೆ ನೋಡಿ, ಬರೆದವರ ಪಕ್ಷ ನೋಡಬೇಡಿ. ನೊಬೆಲ್ ಬಂದವರು ರಾಜಕೀಯ ಮಾತಾಡಿದರೆ ಪದಕ ನೋಡಿ ಒಪ್ಪಬೇಡಿ. ಪಕ್ಕದ ಮನೆಯವರ ಮಾತನ್ನು ತೂಗಿದಷ್ಟೇ ತೂಗಿ. ನಿಮಗೂ ಒಂದು ನಿಲುವಿರಲಿ, ಅದನ್ನು ಹೇಳುವ ಎದೆಗಾರಿಕೆಯೂ ಇರಲಿ. ನಾಳೆ ಆಯ್ಕೆ ಸಮಿತಿಯಲ್ಲಿ ಕೂತಾಗ ಅಭ್ಯರ್ಥಿಯ ಓಟು ಯಾರಿಗೆಂದು ಕೆದಕಬೇಡಿ. ಆದರೆ ಹುಟ್ಟಿನ ಕಾರಣಕ್ಕೆ ಒಬ್ಬರನ್ನು ಹೊರಗೆ ಹಾಕಿ ಎಂಬ ಆದೇಶ ಬಂದರೆ, ‘ನಮಗೇಕೆ ರಾಜಕೀಯ’ ಎಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರಬೇಡಿ.