ತಂಪು ಕುಂದಿದ ಕಾರಿನ ಏಸಿ

ಶಿಗ್ಗಾವಿಯ ಬಳಿ ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡುವಾಗ ಹಿತವಾಗಿ ತಂಪಾಗಿದ್ದ ಕಾರು, ಸವಣೂರಿನ ಪೇಟೆಯ ಸಂದಣಿಯಲ್ಲಿ ನಿಂತೊಡನೆ ಒಳಗೆ ಕಾಯತೊಡಗುತ್ತದೆ. “ಗ್ಯಾಸ್ ಮುಗಿದಿದೆ, ತುಂಬಿಸಬೇಕು” ಎಂಬುದೇ ಆಗ ಸಾಮಾನ್ಯವಾಗಿ ಕೇಳಿಬರುವ ಮಾತು. ಇದು ಎಷ್ಟರಮಟ್ಟಿಗೆ ನಿಜ?

ಏಸಿ ಯಂತ್ರವು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಅನೇಕ ಕಾರುಗಳಲ್ಲಿ ಈ ಕೆಲಸ ಮಾಡುವ ಅನಿಲವು ಆರ್-134ಎ. ವಾಯುಮಂಡಲದ ಒತ್ತಡದಲ್ಲಿ ಇದು ಸುಮಾರು -26 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಕಿರಿದಾದ ರಂಧ್ರದ ಮೂಲಕ ಹಾದು ಒತ್ತಡ ಇಳಿದೊಡನೆ, ಇವಾಪೊರೇಟರಿನ ಕೊಳವೆಗಳಲ್ಲಿ ದ್ರವವು ಆವಿಯಾಗುತ್ತ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಹೊರಗಾಳಿಗೆ ಶಾಖವನ್ನು ಒಪ್ಪಿಸಿ ಅದು ಪುನಃ ದ್ರವವಾಗುತ್ತದೆ. ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತು ಇದಲ್ಲ. ಅದೇ ಅನಿಲ ಮತ್ತೆ ಮತ್ತೆ ಸುತ್ತುತ್ತಿರುತ್ತದೆ.

ಆದುದರಿಂದ ತಂಪು ಯಾವಾಗ ಕುಂದುತ್ತದೆಂಬುದನ್ನು ಮೊದಲು ಗಮನಿಸತಕ್ಕದ್ದು. ಓಡುವಾಗ ತಂಪಿದ್ದು ನಿಂತಾಗ ಇಲ್ಲವಾದರೆ, ಕಂಡೆನ್ಸರಿಗೆ ಗಾಳಿ ಸಾಲದೆಂದು ಊಹಿಸಬಹುದು. ಏಸಿ ಹಾಕಿದಾಗ ಮುಂದಿನ ಫ್ಯಾನು ತಿರುಗುತ್ತಿದೆಯೇ ಎಂದು ನೋಡಬೇಕು. ಹಾನಗಲ್ಲಿನ ಭತ್ತದ ಹೊಟ್ಟು, ಹಿರೇಕೆರೂರಿನ ಕಡೆಯ ಗೋವಿನಜೋಳದ ಧೂಳು ಕಂಡೆನ್ಸರಿನ ಸಂದುಗಳಲ್ಲಿ ಸೇರಿಕೊಂಡರೂ ಪರಿಣಾಮ ಇದೇ. ಎಂಜಿನನ್ನು ನಿಲ್ಲಿಸಿ, ಕೀಲಿ ತೆಗೆದು, ಬಿಸಿ ಆರಿದ ಬಳಿಕ ಮೆಲ್ಲನೆ ನೀರು ಹಾಯಿಸಿ ತೊಳೆಯಬಹುದು. ರಭಸದ ನೀರಿಗೆ ಅಲ್ಲಿನ ತೆಳುವಾದ ತಗಡುಗಳು ಬಾಗುತ್ತವೆ.

ಒಳಗೆ ಬರುವ ಗಾಳಿಯೇ ಕಡಿಮೆಯಾಗಿದ್ದರೆ ಕ್ಯಾಬಿನ್ ಫಿಲ್ಟರು ಧೂಳಿನಿಂದ ಕಟ್ಟಿರಬಹುದು. ಗಾಳಿ ಜೋರಾಗಿದ್ದೂ, ಓಡುವಾಗಲೂ ನಿಂತಾಗಲೂ ತಂಪಿಲ್ಲದಿದ್ದರೆ, ಕಂಪ್ರೆಸರಿನ ದೋಷವನ್ನಾಗಲಿ ಅನಿಲದ ಸೋರಿಕೆಯನ್ನಾಗಲಿ ಶಂಕಿಸಬೇಕು. ಕೊಳವೆಗಳು ಕೂಡುವಲ್ಲಿ ಕಾಣುವ ಎಣ್ಣೆಯ ಜಿಡ್ಡು ಸೋರಿಕೆಯ ಗುರುತಾಗಿರಬಹುದು. ಆದರೆ ಕೊಳವೆಗಳನ್ನು ತಾವೇ ಬಿಚ್ಚಲಾಗದು. ಚಿಮ್ಮುವ ದ್ರವವು ಕಣ್ಣಿಗೂ ಚರ್ಮಕ್ಕೂ ಶೀತದ ಗಾಯವನ್ನುಂಟುಮಾಡಬಲ್ಲುದು. ಅದು ನುರಿತ ಮೆಕ್ಯಾನಿಕ್ಕಿನ ಕೆಲಸ.

ಸೋರಿಕೆಯನ್ನು ಮುಚ್ಚದೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಇದರಿಂದ ಹಣದ ನಷ್ಟವೊಂದೇ ಅಲ್ಲ. ನೂರು ವರ್ಷಗಳ ಲೆಕ್ಕದಲ್ಲಿ, ಗಾಳಿಗೆ ಸೇರಿದ ಒಂದು ಕಿಲೋ ಆರ್-134ಎ ಭೂಮಿಯನ್ನು ಬಿಸಿಮಾಡುವ ಬಲದಲ್ಲಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇಂಥ ಅನಿಲಗಳ ಬಳಕೆಯನ್ನು ಕ್ರಮೇಣ ತಗ್ಗಿಸಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿದವು. ಭಾರತವು 2021ರಲ್ಲಿ ಇದನ್ನು ಅನುಮೋದಿಸಿತು.

ಆದಕಾರಣ “ಗ್ಯಾಸ್ ತುಂಬಿರಿ” ಎನ್ನುವ ಮೊದಲು “ಇದ್ದ ಗ್ಯಾಸ್ ಎಲ್ಲಿ ಹೋಯಿತು?” ಎಂದು ಕೇಳುವುದೇ ವಿವೇಕ.